ರೀಲಿಲ್ಲದ ಊರಿನ ಆಟಗಾರರು

ಹಳೆಯ ಆಟಗಾರರ ಮೇಲಿನ ಸಾಕ್ಷ್ಯಚಿತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ಅಚ್ಚಿನವು: ಬಡ ಬಾಲ್ಯ, ಸಿಡುಕು ಕೋಚು, ಒಂದು ಸೋಲು, ಸ್ಲೋ ಮೋಷನ್ನಿನಲ್ಲಿ ಗೆಲುವು. 2017ರ ‘ಸಚಿನ್: ಎ ಬಿಲಿಯನ್ ಡ್ರೀಮ್ಸ್’ ನಮ್ಮಲ್ಲಿ ಈ ಪಂಥದ ಶ್ರೀಮಂತ ಮಾದರಿ. ನಾಯಕನೇ ತನ್ನ ಕಥೆ ಹೇಳುತ್ತಾನಾದ್ದರಿಂದ ಮುಜುಗರದ ಪ್ರಶ್ನೆ ಕೇಳುವವರಿಲ್ಲ. ಮನೆಯ ವಿಡಿಯೊಗಳು ಚೆನ್ನಾಗಿವೆ, ಅಷ್ಟೆ. ಆಸಿಫ್ ಕಪಾಡಿಯಾರ ‘ಸೆನ್ನಾ’ (2010) ಹಳೆಯ ತುಣುಕುಗಳನ್ನೇ ಹೊಸೆದು, ಮಾತನಾಡುವವರ ಮುಖ ತೋರಿಸದೆ ದನಿಯನ್ನಷ್ಟೇ ಕೇಳಿಸುತ್ತದೆ. ರೇಸ್ ಕಾರು ಚಾಲಕ ಸೆನ್ನಾ 1994ರಲ್ಲಿ ಇಮೋಲಾದ ರೇಸಿನಲ್ಲಿ ಸತ್ತರೆಂದು ಗೊತ್ತಿದ್ದೂ ಉಸಿರು ಬಿಗಿಹಿಡಿದು ನೋಡುತ್ತೇವೆ.

ಅಂಥ ಚಿತ್ರಕ್ಕೆ ಕೋಣೆಗಟ್ಟಲೆ ಫಿಲ್ಮು ಬೇಕು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಅದಕ್ಕೂ ಹಿಂದಿನ ನಮ್ಮ ಆಟವೆಲ್ಲ ಬಹುಪಾಲು ಪತ್ರಿಕೆಯ ಫೋಟೊ, ರೇಡಿಯೊ ಕಾಮೆಂಟರಿ, ಹಿರಿಯರ ಬಾಯಿಮಾತು.

ಕ್ರಿಕೆಟ್ ಬಲ್ಲವರಿಗೆ ನಾನು ‘ಫೈರ್ ಇನ್ ಬ್ಯಾಬಿಲಾನ್’ (2010) ಶಿಫಾರಸು ಮಾಡುತ್ತೇನೆ, ಒಂದು ತಕರಾರಿನೊಂದಿಗೆ. ವೆಸ್ಟ್ ಇಂಡೀಸಿನ ವೇಗಿಗಳ ಸಿಟ್ಟಿನ ಹಿಂದಿದ್ದ ಜನಾಂಗೀಯ ಅವಮಾನವನ್ನು ಅದು ರೆಗ್ಗೆ ಸಂಗೀತದೊಂದಿಗೆ ಬೆರೆಸಿ ಹೇಳುವ ಬಗೆ ಅದ್ಭುತ. ಆದರೆ ಕಥೆ ಹೇಳುವವರು ಹೆಚ್ಚಾಗಿ ಚೆಂಡೆಸೆದ ಪಾಳಯದವರೇ. 1976ರ ಕಿಂಗ್‌ಸ್ಟನ್ ಟೆಸ್ಟಿನಲ್ಲಿ ಅವರ ಚೆಂಡಿಗೆ ನಮ್ಮ ಕರ್ನಾಟಕದ ವಿಶ್ವನಾಥರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲರ ಬಾಯಿಗೆ ಪೆಟ್ಟು ಬಿತ್ತು. ಅದಕ್ಕೆ ಎರಡು ವರ್ಷ ಹಿಂದೆ ಬೆಂಗಳೂರಿನ ರಣಜಿ ಸೆಮಿಫೈನಲ್ಲಿನಲ್ಲಿ ಇದೇ ಇಬ್ಬರೂ ಶತಕ ಹೊಡೆದು, ಸತತ 15 ಬಾರಿ ಟ್ರೋಫಿ ಎತ್ತಿದ್ದ ಬಾಂಬೆಯನ್ನು ಮನೆಗೆ ಕಳಿಸಿದ್ದರು. ಪೆಟ್ಟು ತಿಂದವರ ಕಡೆಯಿಂದಲೂ ಒಂದು ಚಿತ್ರ ಆಗಬೇಡವೇ?

ಹೇಗೆ ಎಂಬುದಕ್ಕೆ ಬಾನಿ ಸಿಂಗ್ ಅವರ ‘ತಾಂಘ್’ ಉತ್ತರ. 1948ರ ಲಂಡನ್ ಒಲಿಂಪಿಕ್ಸ್ ಹಾಕಿ ಫೈನಲ್ಲಿನಲ್ಲಿ ಬ್ರಿಟನ್ನನ್ನು 4-0ಯಿಂದ ಸೋಲಿಸಿದ ತಂಡದಲ್ಲಿದ್ದ ನಂದಿ ಸಿಂಗ್, ಬಾನಿಯವರ ತಂದೆ. ಪಾರ್ಶ್ವವಾಯುವಾದ ಅಪ್ಪನ ನೆನಪುಗಳನ್ನು ಹುಡುಕುತ್ತಾ ಮಗಳು ಲಾಹೋರಿಗೆ ಹೋಗಿ, ದೇಶ ಇಬ್ಭಾಗವಾದ ಮೇಲೆ ಪಾಕಿಸ್ತಾನಕ್ಕೆ ಆಡಿದ ಹಳೆಯ ಗೆಳೆಯ ಶಾಹ್‌ರುಖ್ ಅವರನ್ನು ಮಾತಾಡಿಸುತ್ತಾರೆ. ಗೋಲುಗಳಿಗಿಂತ ಮುದುಕರ ತಡವರಿಕೆಯೇ ಇಲ್ಲಿ ಹೆಚ್ಚು ಹೇಳುತ್ತದೆ.

ಯಲಹಂಕದ ಬಳಿಯ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದ ಮಕ್ಕಳು ಪ್ರಕಾಶ್ ಪಡುಕೋಣೆ ಗೆದ್ದ 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್ಲನ್ನು ಮೊಬೈಲಿನಲ್ಲೇ ನೋಡಬಹುದು: ಲಿಯೆಮ್ ಸ್ವೀ ಕಿಂಗ್ ವಿರುದ್ಧ 15-3, 15-10. ಆ ಗೆಲುವು ರೂಪುಗೊಂಡದ್ದು ಯಶವಂತಪುರ ದಾಟಿದರೆ ಸಿಗುವ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಮದುವೆಯಿದ್ದ ದಿನ ಅಲ್ಲಿ ಬ್ಯಾಡ್ಮಿಂಟನ್ ಇರುತ್ತಿರಲಿಲ್ಲ. ಫೈನಲ್ ನಡೆದ ವೆಂಬ್ಲಿಗಿಂತ ಆ ಹಾಲಿನ ಮೇಲೆ ಚಿತ್ರ ಮಾಡುವವರಿಗಾಗಿ ಕಾಯುತ್ತಿದ್ದೇನೆ.

ಇನ್ನೂ ದೊಡ್ಡ ಕಥೆ ಕಾರ್ಖಾನೆ ತಂಡಗಳದ್ದು. 1977ರ ಮೊದಲ ಫೆಡರೇಷನ್ ಕಪ್ ಫುಟ್‌ಬಾಲನ್ನು ನಮ್ಮ ಬೆಂಗಳೂರಿನ ಐಟಿಐ ಗೆದ್ದಿತು, ಮೋಹನ್ ಬಾಗಾನನ್ನು 1-0ಯಿಂದ ಸೋಲಿಸಿ. ಅದೇ ಮೋಹನ್ ಬಾಗಾನ್ ಆ ಸೆಪ್ಟೆಂಬರಿನಲ್ಲಿ ಪೆಲೆಯ ಕಾಸ್ಮಾಸ್ ಜೊತೆ 2-2 ಸಮ ಮಾಡಿಕೊಂಡದ್ದನ್ನು ಕೋಲ್ಕತ್ತ ಇಂದಿಗೂ ಆಡಿಕೊಳ್ಳುತ್ತದೆ. ಟೆಲಿಫೋನು ಜೋಡಿಸುವ ಕಾರ್ಖಾನೆಯ ಗೆಲುವು ಇಲ್ಲಿ ಯಾರ ಬಾಯಲ್ಲೂ ಇಲ್ಲ. ಆಡಲು ಶಿಫ್ಟು ಬದಲಿಸಿಕೊಟ್ಟವರು ಯಾರು, ಮಂಡಿ ಹೋದ ಮೇಲೆ ಆಟಗಾರ ಯಾವ ವಿಭಾಗಕ್ಕೆ ಹೋದ? ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್‌ಗಳಲ್ಲೂ ಇದೇ ಪ್ರಶ್ನೆ ಕೇಳಬಹುದು. ಉತ್ತರಿಸಬಲ್ಲವರು ಈಗ ಎಪ್ಪತ್ತು ದಾಟಿದವರು. ಕ್ಯಾಮೆರಾ ಇರುವ ತರುಣರು ಮೊದಲು ‘ತಾಂಘ್’ ನೋಡಿ, ಆಮೇಲೆ ‘ಫೈರ್ ಇನ್ ಬ್ಯಾಬಿಲಾನ್’ ನೋಡಲಿ. ಸಚಿನ್ ಚಿತ್ರಕ್ಕೆ ಊಟವಾದ ಮೇಲಿನ ಭಾನುವಾರದ ಮಧ್ಯಾಹ್ನ ಸಾಕು.