‘ನಿರುಪದ್ರವಿ’ ಎಂಬ ತೀರ್ಪು: ಫೈಲ್ ಸಿಸ್ಟಮ್‌ಗಳ ರೇಸ್ ಪರೀಕ್ಷೆಯನ್ನು ಕುರಿತು

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕಡತಗಳನ್ನು ಡಿಸ್ಕಿನ ಮೇಲಿರಿಸಿ ಕಾಪಾಡುವ ಭಾಗಕ್ಕೆ ಫೈಲ್ ಸಿಸ್ಟಮ್ ಎಂದು ಹೆಸರು. ಆ ಭಾಗದಲ್ಲಿ ಹುದುಗಿರುವ ‘ರೇಸ್’ ಎಂಬ ದೋಷವನ್ನು ಹೊರಗೆಡಹಲು ಮೆಂಗ್ ಷು ಅವರೂ ಅವರ ಮೂವರು ಸಂಗಡಿಗರೂ ರಚಿಸಿದ ‘ಕ್ರೇಸ್’ ಎಂಬ ಪರೀಕ್ಷಾಸಾಧನದ ವಿವರಣೆ 2020ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟವಾಯಿತು. ಇತಿಹಾಸದ ಅಭ್ಯಾಸಿಗಳಾದ ನಮಗೆ ಇದರಲ್ಲಿ ಏನು ಪ್ರಸಕ್ತಿಯೆಂದು ವಾಚಕರು ಕೇಳಬಹುದು. ದಾಖಲೆಗಳ ಸ್ಕ್ಯಾನ್ ಪ್ರತಿಗಳೂ ಶಾಸನಗಳ ಛಾಯಾಚಿತ್ರಗಳೂ ಇಂದು ಇಂಥ ಡಿಸ್ಕುಗಳಲ್ಲಿ ಉಳಿದು ಮುಂದಿನವರ ಕೈ ಸೇರಬೇಕಾಗಿದೆ ಎಂಬುದು ಒಂದು. ಇನ್ನೊಂದು ಇದಕ್ಕಿಂತ ಹತ್ತಿರದ್ದು: ಯಾವುದು ಮೊದಲು, ಯಾವುದು ಅನಂತರ, ಸಾಕ್ಷ್ಯ ಮೌನವಾಗಿರುವ ಕಡೆ ಏನು ಹೇಳಬಹುದು ಎಂಬ ನಮ್ಮ ಶಾಸ್ತ್ರದ ನಿತ್ಯಪ್ರಶ್ನೆಗಳೇ ಈ ಪ್ರಬಂಧದ ತಿರುಳಾಗಿವೆ. ಯಂತ್ರದ ಸೂಕ್ಷ್ಮಗಳನ್ನು ತಜ್ಞರಿಗೆ ಬಿಟ್ಟು, ಸಾಕ್ಷ್ಯವಿಚಾರದ ಮಟ್ಟಿಗೆ ಮಾತ್ರ ನಮ್ಮ ಅಭಿಪ್ರಾಯವನ್ನು ಇಲ್ಲಿ ಮಂಡಿಸುತ್ತೇವೆ.

ದೋಷದ ಸ್ವರೂಪವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 4096 ಬೈಟುಗಳ ಒಂದು ಕಡತದ ಕೊನೆಗೆ ಎರಡು ಥ್ರೆಡ್‌ಗಳು, ಎಂದರೆ ಏಕಕಾಲದಲ್ಲಿ ಸಾಗುವ ಎರಡು ಕಾರ್ಯಧಾರೆಗಳು, ತಲಾ 100 ಬೈಟುಗಳನ್ನು ಸೇರಿಸುತ್ತಿವೆ ಎನ್ನೋಣ. ಎರಡೂ ಹಳೆಯ ಉದ್ದವನ್ನೇ ಓದಿಕೊಂಡು, ಎರಡೂ ತಮ್ಮ ನೂರನ್ನು ಕೂಡಿಸಿ, ಎರಡೂ 4196 ಎಂದು ಬರೆದರೆ ಒಂದರ ಬರಹದ ಮೇಲೆ ಮತ್ತೊಂದರ ಬರಹ ಕುಳಿತು ಮೊದಲಿನದು ಅಳಿದುಹೋಗುತ್ತದೆ. ಇರಬೇಕಾಗಿದ್ದ ಉದ್ದ 4296. ಇದನ್ನು ತಡೆಯಲೆಂದೇ ಲಾಕ್ ಎಂಬ ಏರ್ಪಾಡುಂಟು: ಒಂದು ಧಾರೆ ಒಳಗಿರುವಾಗ ಇನ್ನೊಂದು ಹೊರಗೆ ಕಾಯಬೇಕು. ಆದರೆ ಲಾಕು ಮರೆತ ಕಡೆಯಲ್ಲಿ ತಪ್ಪು ಪ್ರತಿಸಲವೂ ಕಾಣಿಸಿಕೊಳ್ಳುವುದಿಲ್ಲ. ಲಕ್ಷ ಸಲ ಸರಿಯಾಗಿ ನಡೆದು ಒಮ್ಮೆ ಮಾತ್ರ ಕೆಡಬಹುದು. ಮರಳಿ ನಡೆಸಿ ನೋಡಿದರೆ ಮತ್ತೆ ಸರಿಯಾಗಿಯೇ ಇರಬಹುದು. ಆದಕಾರಣ ಸಾಮಾನ್ಯ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತೆಂಬ ಮಾತಿಗೆ ಇಲ್ಲಿ ಬೆಲೆ ಅತ್ಯಲ್ಪ.

ಈ ಕಷ್ಟವನ್ನು ದಾಟಲು ಹಿಂದೆಯೂ ಪ್ರಯತ್ನಗಳು ನಡೆದಿವೆ. 2014ರಲ್ಲಿ ಪ್ರಕಟವಾದ ‘ಸ್ಕೀ’ ಎಂಬ ಸಾಧನ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲನ್ನು ವರ್ಚುವಲ್ ಮಷೀನಿನ ಒಳಗಿಟ್ಟು, ಯಾವ ಧಾರೆ ಯಾವಾಗ ಮುಂದುವರಿಯಬೇಕೆಂಬುದನ್ನು ತಾನೇ ನಿರ್ಣಯಿಸಿ, ಅಪರೂಪದ ಸರದಿಗಳನ್ನು ಬೇಕೆಂದೇ ಬರಿಸಿತು. ಅದುವರೆಗೆ ತಿಳಿಯದಿದ್ದ 11 ದೋಷಗಳು ಅದರಿಂದ ಹೊರಬಿದ್ದವು. ಕ್ರೇಸ್‌ನ ಹೆಚ್ಚುಗಾರಿಕೆ ಎಣಿಕೆಯ ಕ್ರಮದಲ್ಲಿದೆ. ಪ್ರೋಗ್ರಾಮಿನ ಎಷ್ಟು ಕವಲುಗಳನ್ನು ಹಾದುಬಂದೆವೆಂದು ಎಣಿಸುವುದು ಪರೀಕ್ಷಕರ ರೂಢಿ. ಒಂದೇ ಕವಲಿನಲ್ಲಿ ಇಬ್ಬರು ನಡೆದಾಗ ಯಾರ ಹೆಜ್ಜೆಯ ಮೇಲೆ ಯಾರ ಹೆಜ್ಜೆ ಬಿತ್ತೆಂಬುದು ಆ ಎಣಿಕೆಗೆ ಸಿಕ್ಕದು. ಕ್ರೇಸ್ ಎಣಿಸುವುದು, ಬೇರೆ ಬೇರೆ ಧಾರೆಗಳಿಂದ ಬಂದು ಮೆಮೊರಿಯ ಒಂದೇ ಸ್ಥಾನವನ್ನು ಮುಟ್ಟಿದ ಆದೇಶಗಳ ಜೋಡಿಗಳನ್ನು. ನಡುನಡುವೆ ವಿಳಂಬಗಳನ್ನು ತೂರಿಸಿ ಹೊಸ ಜೋಡಿಗಳನ್ನು ಅರಸುತ್ತದೆ. ಜೋಡಿಯೊಂದು ಸಿಕ್ಕಾಗ, ಇಬ್ಬರಿಗೂ ಸಮಾನವಾದ ಲಾಕಿತ್ತೇ, ಇಲ್ಲವಾದರೆ ಒಂದು ಮತ್ತೊಂದಕ್ಕಿಂತ ಮೊದಲೇ ಆಗಲೇಬೇಕೆಂಬ ಕಾರಣಸಂಬಂಧವಿತ್ತೇ ಎಂದು ವಿಚಾರಿಸುತ್ತದೆ. ಈ ಎರಡನೆಯ ವಿಚಾರದ ಮೂಲ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿದೆ. ಗಡಿಯಾರವನ್ನು ನೆಚ್ಚದೆ ಸಂಬಂಧದಿಂದಲೇ ಪೂರ್ವಾಪರವನ್ನು ಕಟ್ಟುವ ಆ ಕ್ರಮ, ತೇದಿಯಿಲ್ಲದ ಶಾಸನಗಳನ್ನು ಒಂದರಲ್ಲಿ ಬಂದ ಮತ್ತೊಂದರ ಉಲ್ಲೇಖವನ್ನು ಹಿಡಿದು ಸರದಿಗೊಳಿಸುವವರಿಗೆ ಅಪರಿಚಿತವಲ್ಲ.

ಇಷ್ಟರಮಟ್ಟಿಗೆ ಪ್ರಬಂಧ ಪ್ರಶಂಸಾರ್ಹವೇ. ನಮ್ಮ ಆಕ್ಷೇಪಣೆ ಫಲಿತಾಂಶದ ವರ್ಗೀಕರಣವನ್ನು ಕುರಿತದ್ದು. ಹೊರಬಂದ ರೇಸ್‌ಗಳು ಒಟ್ಟು 23. ಅವುಗಳಲ್ಲಿ 9 ಹಾನಿಕರವೆಂದು ದೃಢಪಟ್ಟವು. ಉಳಿದವುಗಳಲ್ಲಿ ಕೆಲವನ್ನು, ವೇಗಕ್ಕಾಗಿ ಬೇಕೆಂದೇ ಬಿಟ್ಟದ್ದೆಂದೋ ಪೋಸಿಕ್ಸ್ ನಿಯಮಾವಳಿಗೆ ಸಮ್ಮತವೆಂದೋ ಹೇಳಿ ‘ನಿರುಪದ್ರವಿ’ ಎಂಬ ಗುಂಪಿಗೆ ಸೇರಿಸಲಾಗಿದೆ. ಈ ವಿಂಗಡಣೆ ಕ್ರೇಸ್‌ನ ಕರ್ತೃಗಳದೇ ಅಲ್ಲ, ಆ ಕ್ಷೇತ್ರದಲ್ಲಿ ಬಹುಕಾಲದಿಂದ ಬಂದ ರೂಢಿ. ಹಾನಿಕರವೆಂಬ ತೀರ್ಪಿಗೆ ಆಧಾರವುಂಟು: ಕೆಟ್ಟ ಫಲವನ್ನು ತೋರಿಸಬಹುದು. ನಿರುಪದ್ರವಿ ಎಂಬ ತೀರ್ಪಿಗೆ ಆಧಾರವಾಗುವುದು ಬಹುಮಟ್ಟಿಗೆ ಕೆಟ್ಟ ಫಲ ಇದುವರೆಗೆ ಕಾಣದಿರುವುದು ಮತ್ತು ಸದ್ಯದ ಯಂತ್ರಗಳಲ್ಲಿ ಕಾಣಲಾರದೆಂಬ ಊಹೆ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಸಮಾನ ಪ್ರಮಾಣವೆಂಬಂತೆ ಇರಿಸುವುದು ಯುಕ್ತವೆಂದು ನಮಗೆ ತೋರುವುದಿಲ್ಲ.

ನಮ್ಮ ಸಂದೇಹ ಬರಿಯ ತರ್ಕದಿಂದ ಹುಟ್ಟಿದ್ದಲ್ಲವೆಂಬುದಕ್ಕೆ ‘ಡರ್ಟಿ ಕೌ’ ಎಂದು ಹೆಸರಾದ ದೋಷದ ಚರಿತ್ರೆಯನ್ನು ನೋಡಬೇಕು. ಅದು ಕಟ್ಟುನಿಟ್ಟಾಗಿ ಹೇಳುವುದಾದರೆ ಫೈಲ್ ಸಿಸ್ಟಮ್‌ಗೆ ಸೇರಿದ್ದಲ್ಲ, ಮೆಮೊರಿಯ ಆಡಳಿತದ್ದು. ಆದರೆ ಅದರ ಪೆಟ್ಟು ಬೀಳುತ್ತಿದ್ದುದು ಕಡತಗಳ ಮೇಲೆ: ಓದಲು ಮಾತ್ರ ಅನುಮತಿಯಿದ್ದ ಕಡತವನ್ನು ಸಾಮಾನ್ಯ ಬಳಕೆದಾರನೊಬ್ಬ ತಿದ್ದಬಹುದಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಅದನ್ನು ಸರಿಪಡಿಸಿದಾಗ ಲೈನಸ್ ಟೊರ್ವಾಲ್ಡ್ಸ್ ಆ ತಿದ್ದುಪಡಿಯ ಜೊತೆಗೆ ಬರೆದ ಟಿಪ್ಪಣಿ ಇತಿಹಾಸಕಾರನಿಗೆ ಅಮೂಲ್ಯವಾದ ದಾಖಲೆ. ಹನ್ನೊಂದು ವರ್ಷಗಳ ಹಿಂದೆಯೇ ತಾವು ಇದನ್ನು ಒಮ್ಮೆ, ಸಮರ್ಪಕವಲ್ಲದ ರೀತಿಯಲ್ಲಿ, ಸರಿಪಡಿಸಲು ಹೊರಟಿದ್ದುದನ್ನೂ, ಐ.ಬಿ.ಎಂ.ನ ದೊಡ್ಡ ಗಣಕಗಳ ವರ್ಗವಾದ ಎಸ್390ರಲ್ಲಿ ತೊಂದರೆ ಬಂದುದರಿಂದ ಆ ತಿದ್ದುಪಡಿಯನ್ನು ಹಿಂತೆಗೆದುಕೊಂಡುದನ್ನೂ, ಅಂದು ಕೇವಲ ತಾತ್ತ್ವಿಕವಾಗಿದ್ದ ರೇಸ್ ಮುಂದೆ ಮೆಮೊರಿಯ ವ್ಯವಸ್ಥೆ ಬೆಳೆದಂತೆಲ್ಲ ಸುಲಭಸಾಧ್ಯವಾದುದನ್ನೂ ಅದರಲ್ಲಿ ಹೇಳಿದ್ದಾರೆ. ದುರುಪಯೋಗಕ್ಕೆ ಎಡೆಗೊಟ್ಟ ರೂಪದಲ್ಲಿ ದೋಷ 2007ರಿಂದ ಕರ್ನೆಲ್‌ನಲ್ಲಿ ಇತ್ತು. ಕೊನೆಗೆ ಅದು ಪತ್ತೆಯಾದದ್ದು ಪರೀಕ್ಷಾಸಾಧನದಿಂದಲ್ಲ, ದುಷ್ಕರ್ಮಿಗಳು ಆಗಲೇ ಅದನ್ನು ಬಳಸುತ್ತಿದ್ದುದರಿಂದ. 2005ರ ದೃಷ್ಟಿಯಲ್ಲಿ ‘ತಾತ್ತ್ವಿಕ’ವೆಂಬ ತೀರ್ಪು ತಪ್ಪಾಗಿರಲಿಲ್ಲ, ಆದರೆ ಅದು 2005ರ ತೀರ್ಪು.

ಇದೇ ಪ್ರಕರಣ ಇನ್ನೊಂದು ಕೊರತೆಯನ್ನೂ ಬಯಲಿಗೆಳೆಯುತ್ತದೆ. ಅಲ್ಲಿ ಮುಖ್ಯ ಹೆಜ್ಜೆಗಳು ತಮ್ಮ ತಮ್ಮ ಲಾಕಿನ ರಕ್ಷಣೆಯಲ್ಲೇ ನಡೆದಿದ್ದವು. ಕೇಡಿದ್ದದ್ದು ಎರಡು ಹೆಜ್ಜೆಗಳ ನಡುವಣ ತೆರಪಿನಲ್ಲಿ. ಲಾಕಿಲ್ಲದ ಜೋಡಿಗಳನ್ನು ಹುಡುಕುವ ಪರೀಕ್ಷೆ ಇಂಥದನ್ನು ಕಂಡೂ ಸುಮ್ಮನೆ ಹಾದುಹೋಗುತ್ತದೆ.

ಕಂಪೈಲರ್ ಎಂಬ ಅನುವಾದಕ ತಂತ್ರಾಂಶದ ಕಡೆಯಿಂದಲೂ ನಿರುಪದ್ರವದ ವಾದ ದುರ್ಬಲವೆಂಬುದನ್ನು ಹಾನ್ಸ್ ಬೋಮ್ 2011ರಲ್ಲಿ ತೋರಿಸಿಕೊಟ್ಟರು. ರೇಸ್ ಇಲ್ಲವೆಂದೇ ಭಾವಿಸಿ ಅನುವಾದಿಸುವ ಅಧಿಕಾರ ಕಂಪೈಲರಿಗೆ ಇರುವುದರಿಂದ, ಇಂದು ಸರಿಯಾಗಿ ನಡೆಯುವ ಪ್ರೋಗ್ರಾಮು ನಾಳಿನ ಕಂಪೈಲರಿನಲ್ಲಿ ಕೆಡಬಹುದು. ಹೀಗಿದ್ದೂ, 2020ರಲ್ಲಿ ಲಿನಕ್ಸ್ 5.8ರೊಡನೆ ಕರ್ನೆಲ್ ಸೇರಿದ ‘ಕೆಸಿಸ್ಯಾನ್’ ಸಾಧನದ ಮೂಲಸಂಯೋಜನೆಯನ್ನು ಗಮನಿಸಿ. ಸುಮಾರು 4000 ಸ್ಪರ್ಶಗಳಲ್ಲಿ ಒಂದನ್ನು ಆರಿಸಿಕೊಂಡು, ಆ ಧಾರೆಯನ್ನು 80 ಮೈಕ್ರೊಸೆಕೆಂಡುಗಳ ಮಟ್ಟಿಗೆ ತಡೆದು, ಅಷ್ಟರಲ್ಲಿ ಮತ್ತೊಂದು ಧಾರೆ ಅದೇ ಸ್ಥಾನಕ್ಕೆ ಬಂತೇ ಎಂದು ಅದು ಕಾದುನೋಡುತ್ತದೆ. ಉಪಾಯ ಸರಳ, ಸೊಗಸಾದುದು. ಆದರೆ ಬಂದ ಧಾರೆ ಬರೆದ ಮೌಲ್ಯ ಹಳೆಯದೇ ಆಗಿದ್ದರೆ ಸಾಧಾರಣವಾಗಿ ವರದಿ ಮಾಡುವುದಿಲ್ಲ. ವರದಿಗಳ ಪ್ರವಾಹದಲ್ಲಿ ಅಭಿವರ್ಧಕರು ಮುಳುಗಬಾರದೆಂಬ ಕಾರಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ತೀರ್ಪು ಸಾಕ್ಷಿಯ ಬಾಯಿ ತೆರೆಯುವ ಮುನ್ನವೇ ಹೊರಬಿದ್ದಿದೆ.

ಬೇಕೆಂದೇ ಬಿಟ್ಟ ರೇಸ್‌ಗಳನ್ನು ಮೂಲಪಾಠದಲ್ಲಿಯೇ ಗುರುತು ಹಾಕಿ ತೋರಿಸುವ ಪದ್ಧತಿಯೂ ಈ ಸಾಧನದೊಡನೆ ಬಂತು. ಹಸ್ತಪ್ರತಿಯ ಅಂಚಿನಲ್ಲಿ ಲಿಪಿಕಾರ ಬರೆದ ಟಿಪ್ಪಣಿಯಂತೆ ಇದು ಸ್ವಾಗತಾರ್ಹ. ಗುರುತಿನ ಜೊತೆಗೆ ಕಾರಣವನ್ನೂ ಬರೆದಲ್ಲಿ ಮಾತ್ರ ಅದು ಸಾಕ್ಷ್ಯವಾದೀತು. ಬರಿಯ ಗುರುತು, ಯಾರೋ ಎಂದೋ ಇದನ್ನು ನೋಡಿದ್ದರೆಂಬುದಕ್ಕಿಂತ ಹೆಚ್ಚೇನನ್ನೂ ಹೇಳದು. ಕ್ರೇಸ್‌ನಂಥ ಪ್ರಬಂಧಗಳ ಕರ್ತೃಗಳಿಂದ ನಾವು ಬಯಸುವುದು ಇಷ್ಟೆ: ನಿರುಪದ್ರವಿಗಳ ಪಟ್ಟಿಯಲ್ಲಿ ಪ್ರತಿಯೊಂದರ ಎದುರಿಗೂ ಕರ್ನೆಲ್‌ನ ಆವೃತ್ತಿ, ಕಂಪೈಲರ್, ಪ್ರೊಸೆಸರಿನ ವರ್ಗ, ತೀರ್ಪಿತ್ತವರು ಮತ್ತು ಅವರು ಕೊಟ್ಟ ಕಾರಣ ಅಚ್ಚಾಗಲಿ. ಆ ಕರ್ನೆಲ್ ಹಳತಾದ ಮೇಲೆ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಳ್ಳುವವರಿಗೆ ಎಲ್ಲಿಂದ ಆರಂಭಿಸಬೇಕೆಂಬುದಾದರೂ ತಿಳಿದೀತು.