ಕುಸಿದದ್ದು ಎಲ್ಲಿ? ತಪ್ಪಿದ್ದು ಎಲ್ಲಿ?

ಲಿನಕ್ಸ್ ಇರುವ ಗಣಕದಲ್ಲಿ ವಿಂಡೋಸ್‌ಗೆಂದು ಬರೆದ ತಂತ್ರಾಂಶವೊಂದನ್ನು ನೀವು ತೆರೆಯುತ್ತೀರಿ ಎನ್ನೋಣ. ಕಡತ ಉಳಿಸುವ ಗುಂಡಿ ಒತ್ತಿದೊಡನೆ ಅದು ಕುಸಿಯುತ್ತದೆ. ಮತ್ತೆ ತೆರೆದು ಒತ್ತಿದರೆ ಮತ್ತೆ ಕುಸಿತ. ನಿಮಗಿದು ಕಿರಿಕಿರಿ. ದೋಷ ಹುಡುಕುವವರಿಗೆ ಮಾತ್ರ ಒಳ್ಳೆಯ ಸುದ್ದಿ! ತಪ್ಪದೆ ಮರುಕಳಿಸುವ ದೋಷವನ್ನು ಪ್ರಯೋಗಕ್ಕೆ ಒಡ್ಡಬಹುದು.

ಇಂಥ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಹೊಂದಾಣಿಕೆ ಪದರವೇ ವೈನ್. 1993ರಲ್ಲಿ ಆರಂಭವಾದ ಇದರ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ತಂತ್ರಾಂಶವು ವಿಂಡೋಸ್‌ನಿಂದ ಕೇಳುವ ಸೇವೆಗಳನ್ನು ವೈನ್ ತಾನೇ ಹೊಸದಾಗಿ ಬರೆದು ಒದಗಿಸುತ್ತದೆ. ವಿಂಡೋಸ್‌ನ ಮೂಲ ಸಂಕೇತವನ್ನು ನೋಡದೆ, ಅದರ ಹೊರ ವರ್ತನೆಯನ್ನು ಗಮನಿಸಿಯೇ ಈ ಕೆಲಸ ನಡೆಯಬೇಕು. ಹಾಗಾಗಿ ಅದರ ದೋಷಶೋಧನೆಯನ್ನು ವಿಜ್ಞಾನದ ಅಳತೆಗೋಲಿನಿಂದಲೇ ಅಳೆಯುವುದು ನ್ಯಾಯ.

ಕುಸಿತದ ಕ್ಷಣದಲ್ಲಿ ವೈನ್‌ನ ಡೀಬಗರ್ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಸರಣಿಯನ್ನು ಮುದ್ರಿಸುತ್ತದೆ. ಆದರೆ ಅದು ತೋರಿಸುವುದು ಕುಸಿದ ಜಾಗವನ್ನು ಮಾತ್ರ. ಎಷ್ಟೋ ಮೊದಲು ವೈನ್ ಕೊಟ್ಟ ತಪ್ಪು ಉತ್ತರವನ್ನು ನಂಬಿ ತಂತ್ರಾಂಶ ಈಗ ಎಡವಿರಬಹುದು. ಹಿಂದಿನ ಹೆಜ್ಜೆಗಳಿಗಾಗಿ ರಿಲೇ ದಾಖಲೆಯಿದೆ. ಪ್ರತಿ ಕರೆಯೂ ಅದರ ಉತ್ತರವೂ ಅದರಲ್ಲಿ ಸಿಗುತ್ತವೆ. ಆದರೆ ದಾಖಲಿಸುವ ಹೊರೆಯಿಂದ ತಂತ್ರಾಂಶ ನಿಧಾನವಾಗಿ, ಕುಸಿತವೇ ಮಾಯವಾಗುವುದುಂಟು. ಅಳೆಯುವ ಉಪಕರಣವೇ ಅಳತೆಯನ್ನು ಕೆಡಿಸುವ ಹಳೆಯ ತೊಡಕಿದು.

ಹಳೆಯ ಆವೃತ್ತಿಯಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕುಸಿದರೆ, ನಡುವಿನ ಬದಲಾವಣೆಗಳನ್ನು ಅರ್ಧರ್ಧವಾಗಿ ಸೀಳುತ್ತಾ ಹುಡುಕಬಹುದು. 1,000 ಬದಲಾವಣೆಗಳಿದ್ದರೆ ಸುಮಾರು 10 ಪರೀಕ್ಷೆ ಸಾಕು. ಪ್ರೋಗ್ರಾಮಿಂಗ್ ಬಾರದವರೂ ತಾಳ್ಮೆಯಿದ್ದರೆ ಇದನ್ನು ಮಾಡಬಲ್ಲರು. ಇದು ವೈನ್ ವಿಧಾನದ ದೊಡ್ಡ ಗುಣ. ಆದರೆ ಸಿಕ್ಕ ಬದಲಾವಣೆಯೇ ಅಪರಾಧಿ ಎನ್ನುವುದು ಅವಸರದ ತೀರ್ಪು. ಇಲ್ಲದಿದ್ದ ಸೇವೆಯೊಂದು ಸೇರಿದಾಗ ತಂತ್ರಾಂಶ ಹೊಸ ದಾರಿಯಲ್ಲಿ ಮುಂದುವರಿದು, ಅಲ್ಲಿ ಮೊದಲಿನಿಂದಲೂ ಇದ್ದ ಹಳ್ಳಕ್ಕೆ ಬೀಳಬಹುದು.

ಹಾಗಾದರೆ ಕೊನೆಯ ಸಾಕ್ಷಿ ಯಾವುದು? ಎರಡೂ ಕಡೆ ಓಡುವ ಚಿಕ್ಕ ಪರೀಕ್ಷೆ. ಅಕ್ಷರಸರಣಿಯ ಉದ್ದ ಹೇಳುವ ‘ಎಲ್‌ಸ್ಟರ್‌ಲೆನ್’ ಎಂಬ ವಿಂಡೋಸ್ ಫಂಕ್ಷನ್ ನೋಡಿ. ಅದಕ್ಕೆ ಶೂನ್ಯ ವಿಳಾಸ ಕೊಟ್ಟರೂ ಕುಸಿಯದೆ 0 ಎಂದು ಉತ್ತರಿಸುತ್ತದೆ. ಸಿ ಭಾಷೆಯ ‘ಸ್ಟರ್‌ಲೆನ್’ಗೆ ಆ ಉದಾರತೆಯಿಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ, ಆ ಉದಾರತೆಯನ್ನು ನಂಬಿದ ತಂತ್ರಾಂಶ ಕುಸಿಯುತ್ತದೆ. ವೈನ್‌ನ ಪರೀಕ್ಷೆಗಳನ್ನು ನಿಜವಾದ ವಿಂಡೋಸ್‌ನಲ್ಲೂ ಓಡಿಸುತ್ತಾರೆ. ಊಹೆಯೋ ಸತ್ಯವೋ ಎಂಬುದು ಅಲ್ಲಿ ಇತ್ಯರ್ಥವಾಗುತ್ತದೆ.

ನನ್ನ ಆಕ್ಷೇಪ ಇರುವುದು ಈ ಶಿಸ್ತಿನ ಹೊರಗೆ ಬೆಳೆದಿರುವ ಎರಡು ರೂಢಿಗಳ ಬಗ್ಗೆ. ವೈನ್‌ನ ತಂತ್ರಾಂಶ ಪಟ್ಟಿ ಪ್ಲಾಟಿನಮ್‌ನಿಂದ ಗಾರ್ಬೇಜ್‌ವರೆಗೆ ಐದು ದರ್ಜೆ ಕೊಡುತ್ತದೆ. ದರ್ಜೆ ಫಲಿತಾಂಶವನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಇನ್ನೊಂದು, ವೈನ್‌ನ ಡಿಎಲ್‌ಎಲ್ ಕಡತ ತೆಗೆದು ವಿಂಡೋಸ್‌ನದನ್ನು ಹಾಕಿ ಎಂಬ ಜನಪ್ರಿಯ ಸಲಹೆ. ದೋಷದ ಜಾಡು ಹಿಡಿಯಲು ಅದು ಉಪಯುಕ್ತ ಪ್ರಯೋಗವೇ. ಅದನ್ನೇ ಪರಿಹಾರವೆಂದು ಬಿಟ್ಟರೆ ದೋಷ ಅಲ್ಲೇ ಉಳಿದು, ಮುಂದಿನವರನ್ನು ಕಾಡುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೇ, ‘ಓಡಲಿಲ್ಲ’ ಎಂದಷ್ಟೇ ಬರೆಯಬೇಡಿ. ಆವೃತ್ತಿ, ಹೊಸದಾಗಿ ಸ್ಥಾಪಿಸಿದ ಪರಿಸರ, ಒತ್ತಿದ ಗುಂಡಿಗಳ ಕ್ರಮ, ನಿರೀಕ್ಷಿಸಿದ್ದು, ನಡೆದದ್ದು, ಇಷ್ಟನ್ನು ಬರೆಯಿರಿ. ಅಧ್ಯಾಪಕರೇ, ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ನೀವು ಕೇಳುವುದೂ ಇದನ್ನೇ ಅಲ್ಲವೇ? ನಿಮ್ಮ ವಿವರದಿಂದ ಬೇರೊಬ್ಬರ ಗಣಕದಲ್ಲೂ ಅದೇ ಕುಸಿತ ಕಂಡರೆ, ಅರ್ಧ ಕೆಲಸ ಮುಗಿದಂತೆ.