ನಾಮಿನಿಯ ಹೆಸರು ಕೇಳುವ ಕಾಗದ

ಔಷಧ ಪ್ರಯೋಗ ನಡೆಸುವವರ ಬಾಯಲ್ಲಿ ಈಗ ‘ರೋಗಿ ಕೇಂದ್ರಿತ’ ಎಂಬುದೇ ಮಾತು. ಮನೆಗೆ ಬರುವ ನರ್ಸ್, ಮೊಬೈಲ್ ಆ್ಯಪ್, ಓಡಾಟದ ಖರ್ಚು ಇಷ್ಟಿದ್ದರೆ ಜನ ಸೇರುತ್ತಾರೆ, ಸೇರಿದವರು ನಡುವೆ ಬಿಡುವುದಿಲ್ಲ ಎಂಬ ನಂಬಿಕೆ. ದಿನಗೂಲಿ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರಿಗೆ ಬಸ್ ಚಾರ್ಜು ಸಣ್ಣ ಸಂಗತಿಯಲ್ಲ, ನಿಜ. ಆದರೂ ಈ ಹೊಗಳಿಕೆ ಅತಿಯಾಯಿತು. ರೋಗಿಗೆ ಸಿಕ್ಕಿರುವ ಸ್ಥಾನ ಯಾವುದೆಂದು ತಿಳಿಯಲು ಓದಬೇಕಾದದ್ದು ಒಪ್ಪಿಗೆ ಪತ್ರವನ್ನು.

ಅದರ ನಮೂನೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ. ವಿದ್ಯಾರ್ಹತೆ, ಉದ್ಯೋಗ, ವಾರ್ಷಿಕ ಆದಾಯ. ಬೆನ್ನಿಗೇ ನಾಮಿನಿಯ ಹೆಸರು, ವಿಳಾಸ, ಸಂಬಂಧ. ಪ್ರಯೋಗದಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಎಂದು ಗೊತ್ತಿರಬೇಕಲ್ಲ. ಆ ಕಲಂ ಇರಲೇಬೇಕು. ಕೊರತೆಯಿರುವುದು ಆಮೇಲೆ ಬರುವ ಐದು ಸಾಲುಗಳಲ್ಲಿ.

ಮಾಹಿತಿ ಪತ್ರ ಓದಿ ಅರ್ಥಮಾಡಿಕೊಂಡಿದ್ದೇನೆ ಎನ್ನುವುದು ಮೊದಲನೆಯದು. ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಬರಬಹುದು ಎನ್ನುತ್ತದೆ ಎರಡನೆಯದು. ಹೊರಬಂದ ಮೇಲೂ ಪ್ರಾಯೋಜಕರು, ನೀತಿ ಸಮಿತಿ, ಸರ್ಕಾರಿ ನಿಯಂತ್ರಕರು ನನ್ನ ದಾಖಲೆ ನೋಡಲು ನನ್ನ ಅನುಮತಿ ಬೇಡ ಎನ್ನುವುದು ಮೂರನೆಯದು. ವೈಜ್ಞಾನಿಕ ಉದ್ದೇಶಕ್ಕಾದರೆ ಫಲಿತಾಂಶದ ಬಳಕೆಗೆ ಅಡ್ಡಿ ಮಾಡುವುದಿಲ್ಲ ಎಂಬುದು ನಾಲ್ಕನೆಯದು. ಭಾಗವಹಿಸಲು ಒಪ್ಪಿದ್ದೇನೆ ಎಂಬುದು ಕೊನೆಯದು. ಐದೂ ಸಾಲಿನಲ್ಲಿ ಮಾತಾಡುವುದು ‘ನಾನು’ ಒಬ್ಬನೇ: ಅರ್ಥಮಾಡಿಕೊಂಡಿದ್ದೇನೆ, ಒಪ್ಪಿದ್ದೇನೆ, ತಡೆಯುವುದಿಲ್ಲ.

‘ನಾವು’ ಎಲ್ಲೂ ಇಲ್ಲ. ಪ್ರಯೋಗ ನಡೆಸುವ ವೈದ್ಯರೂ ಕೆಳಗೆ ಸಹಿ ಹಾಕುತ್ತಾರೆ. ಆ ಐದು ಸಾಲಿನಲ್ಲಿ ಅವರು ಮಾತು ಕೊಡುವುದಿಲ್ಲ. ಬಯಸಿದವರಿಗೆ ಪ್ರಯೋಗದ ಫಲಿತಾಂಶ ತಿಳಿಸಬೇಕೆಂದು ವೈದ್ಯಕೀಯ ಸಂಶೋಧನೆಯ ನೀತಿಸೂತ್ರವಾದ ಹೆಲ್ಸಿಂಕಿ ಘೋಷಣೆ 2013ರಲ್ಲೇ ಹೇಳಿತ್ತು. ಫಲಿತಾಂಶದ ಬಗ್ಗೆ ನಮ್ಮ ಒಪ್ಪಿಗೆ ಪತ್ರದಲ್ಲಿರುವುದು ರೋಗಿ ಅಡ್ಡಬರಬಾರದು ಎಂಬ ಮಾತು ಮಾತ್ರ.

ಕಾಗದಪತ್ರ ಹೆಚ್ಚಾದರೆ ಜನ ಹೆದರಿ ಓಡುತ್ತಾರೆ ಎನ್ನುವ ವಿಮರ್ಶಕರಿದ್ದಾರೆ. ಸುಪ್ರೀಂ ಕೋರ್ಟ್ ಆದೇಶದಿಂದ 2013ರಲ್ಲಿ ಒಪ್ಪಿಗೆಯ ವಿಡಿಯೊ ಚಿತ್ರೀಕರಣ ಕಡ್ಡಾಯವಾದಾಗ ಅವರ ಆಕ್ಷೇಪ ಜೋರಾಗಿತ್ತು. 2015ರಲ್ಲಿ ಅದು ಹೊಸ ರಾಸಾಯನಿಕಗಳ ಪ್ರಯೋಗಕ್ಕೆ ಸೇರುವ ದುರ್ಬಲ ವರ್ಗದವರಿಗೆ ಸೀಮಿತವಾಯಿತು. ಸಲೀಸಾಗಿ ಜನ ಸೇರಿಸುವುದೇ ಗುರಿಯೆನ್ನುವ ಇವರು ಆಗಿನ ಆಂಧ್ರದ ಖಮ್ಮಂ ಕಡೆ ನೋಡಲಿ. 2009ರಲ್ಲಿ ಅಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದರು. ಆಂಧ್ರದ ಆ ಯೋಜನೆಯ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು ಎಂದು ಸಂಸದೀಯ ಸಮಿತಿ 2013ರಲ್ಲಿ ದಾಖಲಿಸಿತು. ಅದು ಟ್ರಯಲ್ ಅಲ್ಲ, ಪ್ರಾತ್ಯಕ್ಷಿಕೆ ಎಂಬ ಸಮರ್ಥನೆ ಬಂತು, ಸಮಿತಿ ಒಪ್ಪಲಿಲ್ಲ. ಸಂಖ್ಯೆಗೆ ಕೊರತೆ ಇರಲಿಲ್ಲ, ಅಪ್ಪ ಅಮ್ಮಂದಿರ ಸಹಿಗೆ ಇತ್ತು.

ಕ್ರಮ ತಪ್ಪದೆ ಬರುತ್ತಿದ್ದವರು ಬರುವುದು ನಿಂತರೆ ಅವರನ್ನು ‘ಲಾಸ್ಟ್ ಟು ಫಾಲೋ ಅಪ್’ ಎಂದು ಲೆಕ್ಕಕ್ಕೆ ಬರೆಯುತ್ತಾರೆ. ಅವರನ್ನು ಉಳಿಸಿಕೊಳ್ಳಲು ಆ್ಯಪ್ ಹುಡುಕುವ ಮೊದಲು ಆ ಪತ್ರಕ್ಕೆ ಆರನೆಯ ಸಾಲು ಸೇರಲಿ: ಫಲಿತಾಂಶ ಬಂದ ಮೇಲೆ ನಿಮ್ಮ ಭಾಷೆಯಲ್ಲಿ ನಿಮಗೆ ತಿಳಿಸುತ್ತೇವೆ. ಅದರ ಪಕ್ಕದ ಚೌಕದಲ್ಲಿ ವೈದ್ಯರ ಸಹಿ ಇರಲಿ.